ಕೊಳವೆಬಾವಿ ನೀರಿನ ಮನೆಯಲ್ಲಿ ಮೀನುತೊಟ್ಟಿ: ಒಟ್ಟಿಗೆ ಬಾಳುವ ಮೀನುಗಳ ಆಯ್ಕೆ ಮತ್ತು ರೋಗ ತಡೆಯುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮನೆಗಳಲ್ಲಿ ಮೀನುತೊಟ್ಟಿ ಕೆಡುವ ರೀತಿ ಬಹುಮಟ್ಟಿಗೆ ಒಂದೇ. ಭಾನುವಾರ ತೊಟ್ಟಿ, ಕಲ್ಲು, ಪಂಪು, ಹದಿನೈದು ಬಣ್ಣದ ಮೀನು ಎಲ್ಲವೂ ಒಟ್ಟಿಗೆ ಮನೆಗೆ ಬರುತ್ತವೆ. ಬೋರ್‌ವೆಲ್ ನೀರು ತುಂಬಿಸಿ ಸಂಜೆಯೊಳಗೆ ಮೀನು ಬಿಡುತ್ತಾರೆ. ಬುಧವಾರ ಒಂದೆರಡು ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತವೆ. ಮುಂದಿನ ಭಾನುವಾರಕ್ಕೆ ಅರ್ಧಕ್ಕರ್ಧ ಸತ್ತಿರುತ್ತವೆ. ಆಗ ಅಂಗಡಿಯಿಂದ ನೀಲಿ ಔಷಧಿ ತಂದು ಸುರಿದು, ಉಳಿದವನ್ನೂ ಕಳೆದುಕೊಂಡು, ಮೀನು ತಮ್ಮ ಕೈಗೆ ಹತ್ತುವುದಿಲ್ಲ ಎಂದು ತೊಟ್ಟಿಯನ್ನು ಅಟ್ಟಕ್ಕೆ ಏರಿಸುತ್ತಾರೆ.

ಇಲ್ಲಿ ತಪ್ಪಿರುವುದು ಕೆಲಸಗಳ ಕ್ರಮ. ಮೊದಲು ನೀರನ್ನು ಅಳೆಯಬೇಕು, ನಂತರ ತೊಟ್ಟಿಯನ್ನು ಹದಕ್ಕೆ ತರಬೇಕು, ಆ ನೀರಿಗೆ ಒಗ್ಗುವ ಮೀನುಗಳ ಪಟ್ಟಿ ಮಾಡಬೇಕು, ತಂದ ಮೀನನ್ನು ಬೇರೆಯಾಗಿಟ್ಟು ನೋಡಬೇಕು. ತೊಟ್ಟಿಗೆ ಬಿಡುವುದು ಕೊನೆಯ ಕೆಲಸ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಬರೆದಿದ್ದೇನೆ, ದಯವಿಟ್ಟು ಯಾವುದನ್ನೂ ಹಾರಿಸಬೇಡಿ.

ಮೊದಲೇ ಕೈಯಲ್ಲಿರಬೇಕಾದ ಸಲಕರಣೆ

ತೊಟ್ಟಿ, ಮುಚ್ಚಳ, ಏರ್ ಪಂಪು ಮತ್ತು ಸ್ಪಾಂಜ್ ಫಿಲ್ಟರ್ ಜೊತೆಗೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಮೊತ್ತ) ಅಳೆಯುವ ಪೆನ್ನು, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬುದರ ಅಳತೆ) ಪರೀಕ್ಷಿಸುವ ದ್ರವದ ಕಿಟ್, ಗಡಸುತನ ತೋರಿಸುವ ಪಟ್ಟಿ, ಥರ್ಮಾಮೀಟರ್, ಹೀಟರ್, ಮುಚ್ಚಳವಿರುವ ಎರಡು ಬಕೆಟ್, ನೀರು ಎಳೆಯಲು ನಾಲ್ಕೈದು ಅಡಿ ಪೈಪು, ಮತ್ತು 20 ರಿಂದ 30 ಲೀಟರಿನ ಒಂದು ಪ್ಲಾಸ್ಟಿಕ್ ಟಬ್ಬು ಬೇಕು. ಬಕೆಟ್‌ಗಳು ಹೊಸದಾಗಿರಲಿ, ಸೋಪು ತಾಗಿದ್ದು ಬೇಡ. ಹಣ ಉಳಿಸಬೇಕೆಂದರೆ ಬಣ್ಣದ ಕಲ್ಲು, ಗುಳ್ಳೆ ಬಿಡುವ ಬೊಂಬೆ, ಹಿನ್ನೆಲೆಯ ಚಿತ್ರಗಳಲ್ಲಿ ಉಳಿಸಿ. ಪರೀಕ್ಷಾ ಕಿಟ್ಟು ಮತ್ತು ಟಬ್ಬು ಇಲ್ಲದೆ ಮುಂದಿನ ಹಂತಗಳು ನಡೆಯುವುದಿಲ್ಲ.

ಹಂತ 1: ನಿಮ್ಮ ಮನೆಯ ನೀರನ್ನು ಅಳೆಯಿರಿ

ನಮ್ಮ ಭಾಗದಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯ. ಅಷ್ಟು ಆಳದಿಂದ ಬರುವ ನೀರು ಬಂಡೆಯೊಳಗಿನ ಸುಣ್ಣ ಮತ್ತು ಮೆಗ್ನೀಸಿಯಂ ಕರಗಿಸಿಕೊಂಡು ಬಂದಿರುತ್ತದೆ. ಸೋಪಿನ ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ, ಸೋಲಾರ್ ಹೀಟರಿನ ಕೊಳವೆಯೊಳಗೆ ಬಿಳಿ ಪದರ ಕಟ್ಟುತ್ತದೆ ಎಂದರೆ ನಿಮ್ಮದು ಗಡಸು ನೀರು. ಗಡಸುತನ ಲೀಟರಿಗೆ 180 ಮಿಲಿಗ್ರಾಂ ದಾಟಿದರೆ ಅತಿ ಗಡಸು ಎಂದು ಲೆಕ್ಕ. ಟಿಡಿಎಸ್ ಮತ್ತು ಗಡಸುತನ ಒಂದೇ ಅಲ್ಲ. ಟಿಡಿಎಸ್ ಎಂಬುದು ಕರಗಿರುವ ಎಲ್ಲ ಲವಣಗಳ ಮೊತ್ತ, ಗಡಸುತನ ಅದರೊಳಗಿನ ಒಂದು ಪಾಲು. ಎರಡನ್ನೂ ಅಳೆದು ಬರೆದಿಡಿ.

ನಲ್ಲಿಯಿಂದ ಹಿಡಿದ ತಕ್ಷಣ ಒಮ್ಮೆ ಪಿಎಚ್ ಅಳೆಯಿರಿ. ಅದೇ ನೀರನ್ನು ಬಕೆಟ್‌ನಲ್ಲಿಟ್ಟು 24 ಗಂಟೆ ಏರ್ ಪಂಪಿನ ಗಾಳಿ ಕೊಟ್ಟು ಮತ್ತೊಮ್ಮೆ ಅಳೆಯಿರಿ. ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಗಾಳಿ ಆಡಿದ ಮೇಲೆ ಆ ಅನಿಲ ಹೊರಟುಹೋಗಿ ಪಿಎಚ್ ಏರುತ್ತದೆ. ಬೆಳಿಗ್ಗೆ ಮೋಟಾರು ಹಾಕಿ ಹಿಡಿದ ನೀರನ್ನು ನೇರವಾಗಿ ತೊಟ್ಟಿಗೆ ಸುರಿದಾಗ ಮೀನುಗಳು ಏದುಸಿರು ಬಿಡುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ. ಅದೇ ದಿನ ನಲ್ಲಿ ನೀರಿನ ನೈಟ್ರೇಟ್ ಕೂಡ ನೋಡಿ. ಗೊಬ್ಬರ ಹೆಚ್ಚು ಬೀಳುವ ತೋಟಗಳ ನಡುವಿನ ಬಾವಿಗಳಲ್ಲಿ ನೈಟ್ರೇಟ್ ಮೊದಲೇ ಇರಬಹುದು, ಅಂಥ ಕಡೆ ನೀರು ಎಷ್ಟು ಬದಲಿಸಿದರೂ ನೈಟ್ರೇಟ್ ಇಳಿಯುವುದಿಲ್ಲ.

ಪುರಸಭೆಯ ನೀರು ಅಥವಾ ಟ್ಯಾಂಕರ್ ನೀರಾದರೆ ಕ್ಲೋರಿನ್ ಇರಬಹುದು. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಗಾಳಿ ಕೊಡಿ, ಅಥವಾ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಸಿಗುವ ದ್ರಾವಣವನ್ನು ಸೀಸೆಯ ಮೇಲೆ ಬರೆದಷ್ಟೇ ಹಾಕಿ.

ನಾನು ಪಾಲಿಸುವ ಗೆರೆ ಹೀಗಿದೆ. ಟಿಡಿಎಸ್ 300 ರೊಳಗಿದ್ದರೆ ಆಯ್ಕೆಗೆ ಅವಕಾಶ ಹೆಚ್ಚು. 300 ರಿಂದ 800 ರವರೆಗೆ ಗಡಸು ನೀರಿಗೆ ಒಗ್ಗುವ ಮೀನುಗಳನ್ನಷ್ಟೇ ಆರಿಸಬೇಕು. ಅದಕ್ಕೂ ಮೇಲಿದ್ದರೆ ಆರ್‌ಓ ನೀರನ್ನು (ಶುದ್ಧೀಕರಣ ಯಂತ್ರದಲ್ಲಿ ಲವಣ ತೆಗೆದದ್ದು) ಬೆರೆಸುವುದು ಒಳ್ಳೆಯದು. ಲೆಕ್ಕ ಸುಲಭ: 900 ಇರುವ ಬೋರ್ ನೀರು ಒಂದು ಬಕೆಟ್, 60 ಇರುವ ಆರ್‌ಓ ನೀರು ಎರಡು ಬಕೆಟ್ ಸೇರಿಸಿದರೆ ಸುಮಾರು 340 ಆಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ 20 ಲೀಟರ್ ಕ್ಯಾನು ಈ ಕೆಲಸಕ್ಕೆ ಸಾಕು. ಬರಿಯ ಆರ್‌ಓ ನೀರು ಮಾತ್ರ ತುಂಬಬೇಡಿ. ಅದರಲ್ಲಿ ಪಿಎಚ್ ಹಿಡಿದಿಡುವ ಕಾರ್ಬೊನೇಟ್ ಇರುವುದಿಲ್ಲ, ಕೆಲವು ವಾರಗಳಲ್ಲಿ ಪಿಎಚ್ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಉಪ್ಪು ಹಾಕಿ ನಡೆಸುವ ಮನೆಯ ವಾಟರ್ ಸಾಫ್ಟ್‌ನರ್ ನೀರೂ ಬೇಡ. ಅದು ಸುಣ್ಣದ ಜಾಗಕ್ಕೆ ಸೋಡಿಯಂ ತರುತ್ತದೆ ಅಷ್ಟೆ.

ಕೆರೆಯ ನೀರನ್ನು, ಕೆರೆಯ ಗಿಡವನ್ನು, ಕೆರೆಯಿಂದ ಸೋಸಿ ತಂದ ಹುಳುವನ್ನು ತೊಟ್ಟಿಗೆ ತರಲೇಬೇಡಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018 ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು. ಅದು ಅಂತರ್ಜಲ ತುಂಬಲೆಂದು ಹರಿಸಿದ್ದು, ಗಾಜಿನ ತೊಟ್ಟಿಗೆ ತಕ್ಕದ್ದಲ್ಲ. ಕೆರೆ ಯಾವುದೇ ಆಗಿರಲಿ, ಅಲ್ಲಿನ ಗಿಡ ಮತ್ತು ಬಸವನಹುಳುಗಳ ಜೊತೆ ಪರಾವಲಂಬಿ ಜೀವಿಗಳೂ ಬರುತ್ತವೆ.

ಹಂತ 2: ಗಾತ್ರ ಮತ್ತು ಜಾಗ

ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಗುಣಿಸಿ 28 ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಗೆ 70 ಲೀಟರ್. ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 55 ರಿಂದ 60. ಹಲವು ಜಾತಿಯ ಮೀನು ಒಟ್ಟಿಗೆ ಇಡಲು ಇದಕ್ಕಿಂತ ಚಿಕ್ಕದನ್ನು ಕೊಳ್ಳಬೇಡಿ. ದುಂಡನೆಯ ಗಾಜಿನ ಬೋಗುಣಿಯನ್ನು ಯಾವ ಮೀನಿಗೂ ಕೊಳ್ಳಬೇಡಿ.

ಬಿಸಿಲು ನೇರವಾಗಿ ಬೀಳದ, ಅಲುಗಾಡದ ಜಾಗದಲ್ಲಿ ತೊಟ್ಟಿ ಇಡಿ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದನ್ನು ನಮ್ಮಲ್ಲಿ ಬಹಳ ಜನ ಯೋಚಿಸುವುದಿಲ್ಲ. ಸೊಳ್ಳೆ, ಜಿರಲೆಗಳಿಗೆ ಹೊಡೆಯುವ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ವರ್ಗದ ವಿಷ ಮೀನಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಶಿಡ್ಲಘಟ್ಟ, ಚಿಂತಾಮಣಿಯ ಕಡೆ ರೇಷ್ಮೆ ಸಾಕುವವರ ಮನೆಗಳಲ್ಲಿ ಹುಳುಮನೆ ಸ್ವಚ್ಛ ಮಾಡಲು ಬ್ಲೀಚಿಂಗ್ ಪುಡಿ ಬಳಸಿದ ದಿನ ಪಂಪನ್ನು ದೂರದ ಕೋಣೆಗೆ ಒಯ್ದು ಉದ್ದದ ಪೈಪು ಹಾಕಿ. ಚೆನ್ನಾಗಿ ತೊಳೆಯದ ಕೈಯನ್ನು ತೊಟ್ಟಿಗೆ ಹಾಕಬೇಡಿ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದು ಬಂದ ಕೈಗೂ ಇದೇ ಮಾತು.

ಹಂತ 3: ಮೀನಿಲ್ಲದೆ ತೊಟ್ಟಿಯನ್ನು ಹದಕ್ಕೆ ತನ್ನಿ

ಎಲ್ಲಕ್ಕಿಂತ ಹೆಚ್ಚು ಮೀನು ಸಾಯುವುದು ಈ ಹಂತವನ್ನು ಬಿಟ್ಟಾಗ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಉಳಿದ ಆಹಾರ ಕೊಳೆತೂ ಅಮೋನಿಯಾ ಆಗುತ್ತದೆ. ಹಳೆಯ ತೊಟ್ಟಿಯಲ್ಲಿ ಫಿಲ್ಟರಿನ ಸ್ಪಾಂಜು ಮತ್ತು ಕಲ್ಲಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಬದಲಿಸುತ್ತವೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ವಿಷ. ನೈಟ್ರೇಟ್ ಅವುಗಳಿಗಿಂತ ಬಹಳ ಸೌಮ್ಯ, ವಾರಕ್ಕೊಮ್ಮೆ ನೀರು ಬದಲಿಸಿ ಇಳಿಸಬಹುದು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ.

ಕ್ಷಾರ ನೀರಿನ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಅಮೋನಿಯಾದ ಎಷ್ಟು ಪಾಲು ವಿಷಕಾರಿ ರೂಪದಲ್ಲಿರುತ್ತದೆ ಎಂಬುದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಆ ಪಾಲು ನೂರಕ್ಕೆ ಒಂದಕ್ಕೂ ಕಡಿಮೆ, ಪಿಎಚ್ 8 ಇದ್ದರೆ ನೂರಕ್ಕೆ ಸುಮಾರು 5. ಅಂದರೆ ಮೆದು ನೀರಿನ ಊರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವ ಕೊಳೆ, ನಮ್ಮ ನೀರಿನಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಹೆಚ್ಚು ಕಾಡುತ್ತದೆ.

ಮಾಡಬೇಕಾದ್ದು ಇಷ್ಟು. ತೊಟ್ಟಿಗೆ ಹದ ಮಾಡಿದ ನೀರು ತುಂಬಿ, ಫಿಲ್ಟರ್ ಹಗಲೂ ರಾತ್ರಿ ಓಡಿಸಿ, ಹೀಟರನ್ನು 27 ಡಿಗ್ರಿಗೆ ಇಟ್ಟು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೇ ಹಾಕುತ್ತಾ ಬನ್ನಿ. ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಿಸಿ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವ ಹೊತ್ತಿಗೆ ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಾಣುತ್ತದೆ. ಆಹಾರ ಹಾಕುತ್ತಿದ್ದರೂ ಒಂದು ವಾರ ಸತತವಾಗಿ ಎರಡೂ ಸೊನ್ನೆಯಲ್ಲೇ ನಿಂತರೆ ತೊಟ್ಟಿ ಹದಕ್ಕೆ ಬಂದಿದೆ. ಸಾಮಾನ್ಯವಾಗಿ 4 ರಿಂದ 6 ವಾರ ಹಿಡಿಯುತ್ತದೆ, ಹೀಟರ್ ಇಲ್ಲದೆ ಡಿಸೆಂಬರಿನಲ್ಲಿ ಆರಂಭಿಸಿದರೆ ಇನ್ನೂ ಹೆಚ್ಚು. ಎರಡನೆಯ ವಾರ ನೀರು ಹಾಲು ಕಲಸಿದಂತೆ ಮಸುಕಾಗಬಹುದು. ಆಗ ಗಾಬರಿಯಾಗಿ ಎಲ್ಲ ನೀರನ್ನೂ ಚೆಲ್ಲಿ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆಯುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಮತ್ತೆ ಮೊದಲ ದಿನಕ್ಕೆ ಹೋದಂತೆ. ಸುಮ್ಮನೆ ಬಿಟ್ಟರೆ ತಾನೇ ತಿಳಿಯಾಗುತ್ತದೆ.

ಹಂತ 4: ಮೀನುಗಳ ಪಟ್ಟಿ ಮಾಡಿ, ಅಂಗಡಿಗೆ ಹೋಗುವ ಮೊದಲು

ಒಂದು ಮೀನು ಇನ್ನೊಂದರ ಜೊತೆ ಬಾಳುತ್ತದೆಯೇ ಎಂದು ಕೇಳುವ ಮೊದಲು ಎರಡಕ್ಕೂ ಒಂದೇ ನೀರು, ಒಂದೇ ಶಾಖ ಹೊಂದುತ್ತದೆಯೇ ಎಂದು ಕೇಳಬೇಕು. ಆಮೇಲೆ ಬೆಳೆದಾಗಿನ ಗಾತ್ರ, ಆಮೇಲೆ ಸ್ವಭಾವ. ಜನ ಈ ಕ್ರಮವನ್ನು ತಿರುವುಮುರುವು ಮಾಡಿ ಬಣ್ಣದಿಂದ ಆರಂಭಿಸುತ್ತಾರೆ.

ನನ್ನ ಮೊದಲ ತೊಟ್ಟಿಗೆ ಬೆಂಗಳೂರಿನಿಂದ ಹನ್ನೆರಡು ನಿಯಾನ್ ಟೆಟ್ರಾ ತಂದಿದ್ದೆ. ಅಂಗಡಿಯವರು ಅವನ್ನು ಮೆದು ನೀರಿನಲ್ಲಿ ಇಟ್ಟಿದ್ದರು, ನಮ್ಮ ಮನೆಯ ಬೋರ್ ನೀರಿನ ಟಿಡಿಎಸ್ 900 ದಾಟುತ್ತಿತ್ತು. ಮೂರನೆಯ ದಿನ ಆ ನೀಲಿ ಗೆರೆ ಬೂದಿಯ ಬಣ್ಣಕ್ಕೆ ತಿರುಗಿತು. ಗುಂಪಾಗಿ ಈಜುತ್ತಿದ್ದವು ಒಂದೊಂದೇ ಮೂಲೆ ಹಿಡಿದು, ತಲೆ ಸ್ವಲ್ಪ ಮೇಲೆ ಮಾಡಿ, ಅಲುಗಾಡದೆ ನಿಂತವು. ಒಂಬತ್ತನೆಯ ದಿನ ಒಂದೂ ಉಳಿಯಲಿಲ್ಲ. ಮೈ ಮೇಲೆ ಯಾವ ರೋಗದ ಗುರುತೂ ಇರಲಿಲ್ಲ. ಅಮೆಜಾನ್ ಪ್ರದೇಶದ ಮೆದುವಾದ, ತುಸು ಹುಳಿ ನೀರಿನ ಮೀನನ್ನು ಒಂದೇ ಗಂಟೆಯಲ್ಲಿ ಸುಣ್ಣದ ನೀರಿಗೆ ತಳ್ಳಿದ್ದೆ, ಅದೂ ಇನ್ನೂ ಹದಕ್ಕೆ ಬಾರದ ತೊಟ್ಟಿಗೆ.

ಗಡಸು ನೀರಿಗೆಂದೇ ಹೇಳಿ ಮಾಡಿಸಿದವು ಮರಿ ಹಾಕುವ ಮೀನುಗಳು: ಗಪ್ಪಿ, ಪ್ಲ್ಯಾಟಿ, ಸ್ವೋರ್ಡ್‌ಟೇಲ್, ಮೋಲಿ. ಪಿಎಚ್ 7 ರಿಂದ 8.2 ರವರೆಗೆ ಅವು ಆರಾಮವಾಗಿರುತ್ತವೆ. ಇವು ಅಗ್ಗದ ಮೀನು ಎಂದು ಮೂಗು ಮುರಿಯುವವರಿದ್ದಾರೆ. ನಮ್ಮ ನೀರಿನಲ್ಲಿ ಬಣ್ಣ ತುಂಬಿಕೊಂಡು, ರೆಕ್ಕೆ ಬಿಚ್ಚಿ ಓಡಾಡುವ ಆರು ಗಂಡು ಗಪ್ಪಿಗಳನ್ನು ಸಂಜೆಯ ಬೆಳಕಿನಲ್ಲಿ ಒಮ್ಮೆ ನೋಡಿದರೆ ಆ ಮಾತು ಆಡುವುದಿಲ್ಲ.

60 ಲೀಟರ್ ನೀರಿಗೆ ಆರು ಗಂಡು ಗಪ್ಪಿ ಮತ್ತು ನಾಲ್ಕು ಪ್ಲ್ಯಾಟಿ ಸಾಕು. ಪ್ಲ್ಯಾಟಿಯಲ್ಲಿ ಒಂದು ಗಂಡಿಗೆ ಮೂರು ಹೆಣ್ಣು ಇರಲಿ, ಇಲ್ಲದಿದ್ದರೆ ಗಂಡುಗಳು ಒಂದೇ ಹೆಣ್ಣನ್ನು ಅಟ್ಟಾಡಿಸಿ ಸುಸ್ತು ಮಾಡುತ್ತವೆ. ಗಪ್ಪಿಯಲ್ಲಿ ಗಂಡುಗಳನ್ನು ಮಾತ್ರ ತರಲು ಹೇಳುವುದಕ್ಕೆ ಕಾರಣವಿದೆ: ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕುತ್ತದೆ, ಆರು ತಿಂಗಳಲ್ಲಿ ತೊಟ್ಟಿ ಕಿಕ್ಕಿರಿಯುತ್ತದೆ. ಪ್ಲ್ಯಾಟಿಯ ಮರಿಗಳೂ ಬರುತ್ತವೆ, ಅವನ್ನು ಯಾರಿಗೆ ಕೊಡುವಿರಿ ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ಮೋಲಿ ಮತ್ತು ಸ್ವೋರ್ಡ್‌ಟೇಲ್ ದೊಡ್ಡದಾಗುತ್ತವೆ, ಅವಕ್ಕೆ 100 ಲೀಟರಿಗಿಂತ ಹೆಚ್ಚು ನೀರು ಬೇಕು. ಗಂಡು ಸ್ವೋರ್ಡ್‌ಟೇಲ್‌ಗಳು ಒಂದಕ್ಕೊಂದು ಕಾದಾಡುತ್ತವೆ, ನೆಗೆಯುತ್ತವೆ. ಒಂದು ಗಂಡು ಸಾಕು, ಮುಚ್ಚಳ ಕಡ್ಡಾಯ.

ಆರ್‌ಓ ಬೆರೆಸಿ ನೀರನ್ನು ಮಧ್ಯಮ ಗಡಸುತನಕ್ಕೆ ಇಳಿಸಿದವರು ಇನ್ನೊಂದು ಬಗೆಯ ತೊಟ್ಟಿ ಮಾಡಬಹುದು: ಏಳೆಂಟು ಜೀಬ್ರಾ ಡ್ಯಾನಿಯೊ ಮೇಲಿನ ಪದರದಲ್ಲಿ, ಒಂದು ಜೋಡಿ ಹನಿ ಗೌರಾಮಿ ನಡುವೆ, ಆರು ಕಂಚು ಬಣ್ಣದ ಕಾರಿಡೋರಾಸ್ ತಳದಲ್ಲಿ. ಇದಕ್ಕೆ 80 ಲೀಟರಾದರೂ ಇರಲಿ. ಮೊದಲೆರಡು ನಮ್ಮ ಉಪಖಂಡದ ಮೀನುಗಳೇ. ಡ್ಯಾನಿಯೊ ಮತ್ತು ಕಾರಿಡೋರಾಸ್ ಗುಂಪಿನ ಮೀನುಗಳು, ಎರಡು ಮೂರು ತಂದರೆ ಹೆದರಿ ಮೂಲೆ ಸೇರುತ್ತವೆ, ಹೆದರಿದ ಮೀನಿಗೆ ರೋಗ ಬೇಗ ತಗಲುತ್ತದೆ. ಕಾರಿಡೋರಾಸ್ ಉಪ್ಪನ್ನು ಹೆಚ್ಚು ಸಹಿಸುವುದಿಲ್ಲ, ಆದ್ದರಿಂದ ಮೋಲಿಗೆಂದು ಉಪ್ಪು ಹಾಕುವವರು ಅದನ್ನು ತರಬಾರದು. ಹಾಗೆ ನೋಡಿದರೆ ನಮ್ಮ ಗಡಸು ನೀರಿನಲ್ಲಿ ಮೋಲಿಗೂ ದಿನನಿತ್ಯದ ಉಪ್ಪು ಬೇಕಾಗಿಲ್ಲ.

ಈಗ ಒಟ್ಟಿಗೆ ಇಡಬಾರದ ಜೋಡಿಗಳು. ಟೈಗರ್ ಬಾರ್ಬ್ ಉದ್ದ ರೆಕ್ಕೆಯ ಯಾವ ಮೀನನ್ನೂ ಬಿಡುವುದಿಲ್ಲ. ಗಪ್ಪಿಯ ಬಾಲ, ಏಂಜೆಲ್‌ನ ಮೀಸೆಯಂಥ ರೆಕ್ಕೆ ಎರಡೇ ದಿನಕ್ಕೆ ಹರಿದು ಚಿಂದಿಯಾಗುತ್ತವೆ. ಏಂಜೆಲ್ ಚಿಕ್ಕದಿದ್ದಾಗ ಸಾಧುವಾಗಿ ಕಂಡರೂ ಬೆಳೆದ ಮೇಲೆ ಬಾಯಿಗೆ ಹಿಡಿಸುವ ಮೀನನ್ನು ನುಂಗುತ್ತದೆ. ಗಂಡು ಫೈಟರ್ ಮೀನು ಬಣ್ಣದ ಬಾಲದ ಗಪ್ಪಿಯನ್ನು ಎದುರಾಳಿ ಎಂದುಕೊಂಡು ಮೇಲೆ ಬೀಳುತ್ತದೆ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, ಕೊಳೆ ಹೆಚ್ಚು ಮಾಡುತ್ತದೆ, 20 ಸೆಂಟಿಮೀಟರಿನವರೆಗೂ ಬೆಳೆಯಬಲ್ಲದು. ಅದಕ್ಕೆ ಪ್ರತ್ಯೇಕ ತೊಟ್ಟಿಯೇ ಬೇಕು. ಬಾಲಾ ಶಾರ್ಕ್ ಮತ್ತು ಗಾಜಿಗೆ ಕಚ್ಚಿಕೊಳ್ಳುವ ಸಕ್ಕರ್ ಮೀನು ಅಂಗಡಿಯಲ್ಲಿ ಬೆರಳುದ್ದ ಇರುತ್ತವೆ, ಬೆಳೆದರೆ ಒಂದಡಿ. ಸಕ್ಕರ್ ಕೊಳೆ ತಿಂದು ತೊಟ್ಟಿ ಶುಚಿ ಮಾಡುತ್ತದೆ ಎಂಬ ಮಾತನ್ನು ನಂಬಬೇಡಿ. ಅದು ಹಾಕುವ ಹಿಕ್ಕೆಯೇ ಉಳಿದೆಲ್ಲ ಮೀನುಗಳದ್ದಕ್ಕಿಂತ ಹೆಚ್ಚು.

ದೊಡ್ಡದಾಯಿತೆಂದು ಸಕ್ಕರನ್ನೋ ಬೇರೆ ಮೀನನ್ನೋ ಕೆರೆಗೆ ಬಿಡುವುದು ತೀರಾ ತಪ್ಪು. ಪರದೇಶದ ಈ ಮೀನುಗಳು ಕೆರೆಯಲ್ಲಿ ನೆಲೆಯೂರಿದರೆ ನಮ್ಮ ಮೀನುಗಳ ಮೊಟ್ಟೆ, ಮೇವು ಎರಡಕ್ಕೂ ಕುತ್ತು. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಸಾಕುವವರಿಗೋ ಕೊಡಿ.

ಹಂತ 5: ಅಂಗಡಿಯಲ್ಲಿ ನೋಡಬೇಕಾದ್ದು

ಕೊಳ್ಳುವ ಮೊದಲು ಆ ತೊಟ್ಟಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಒಂದೇ ಒಂದು ಸತ್ತ ಮೀನು ಅಥವಾ ಬಿಳಿ ಚುಕ್ಕೆಯ ಮೀನು ಕಂಡರೂ ಆ ತೊಟ್ಟಿಯಿಂದ ಯಾವುದನ್ನೂ ಕೊಳ್ಳಬೇಡಿ. ಅಂಗಡಿಯ ಎಲ್ಲ ತೊಟ್ಟಿಗಳಿಗೂ ಒಂದೇ ಬಲೆ ಅದ್ದುತ್ತಿದ್ದರೆ ಅಂಗಡಿಯಿಂದಲೇ ಕೊಳ್ಳಬೇಡಿ. ರೆಕ್ಕೆ ಮಡಚಿಕೊಂಡ, ಹೊಟ್ಟೆ ಒಳಕ್ಕೆ ಅಂಟಿದ, ಒಂದೇ ಕಡೆಯ ಕಿವಿರಿನಿಂದ ಉಸಿರಾಡುವ, ಗುಂಪಿನಿಂದ ದೂರ ನಿಂತ ಮೀನು ಬೇಡ. ಸ್ವಲ್ಪ ಆಹಾರ ಹಾಕಿ ತೋರಿಸಲು ಕೇಳಿ. ಎಂದು ಬಂದ ಸರಕು ಎಂದೂ ಕೇಳಿ. ನಿನ್ನೆ ಬಂದದ್ದಾದರೆ ಒಂದು ವಾರ ಬಿಟ್ಟು ಹೋಗುವುದು ಲೇಸು. ಟಿಡಿಎಸ್ ಪೆನ್ನು ಜೇಬಿನಲ್ಲಿರಲಿ, ಅಂಗಡಿಯ ನೀರನ್ನೂ ಅಳೆದುಕೊಳ್ಳಿ.

ಹಂತ 6: ಮನೆಗೆ ತಂದು ಟಬ್ಬಿನಲ್ಲಿ ಮೂರು ವಾರ ಇಡಿ

ಮಧ್ಯಾಹ್ನದ ಬಸ್ಸಿನಲ್ಲಿ ಮೀನು ತರಬೇಡಿ. ಪ್ಲಾಸ್ಟಿಕ್ ಚೀಲವನ್ನು ಬಟ್ಟೆಯ ಕೈಚೀಲದಲ್ಲಿ ಸುತ್ತಿ ಕತ್ತಲೆಯಲ್ಲಿಡಿ. ಮನೆಗೆ ಬಂದ ಮೇಲೆ ಚೀಲವನ್ನು ಬಿಚ್ಚದೆ 20 ನಿಮಿಷ ಟಬ್ಬಿನ ನೀರಿನಲ್ಲಿ ತೇಲಲು ಬಿಡಿ, ಶಾಖ ಸಮವಾಗುತ್ತದೆ. ಆಮೇಲೆ ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟದಂತೆ ಟಬ್ಬಿನ ನೀರು ಸೇರಿಸುತ್ತಾ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ತೆಗೆದುಕೊಳ್ಳಿ. ಮೀನನ್ನು ಬಲೆಯಿಂದ ಎತ್ತಿ ಬಿಡಿ, ಚೀಲದ ನೀರನ್ನು ಗಿಡಕ್ಕೆ ಸುರಿಯಿರಿ. ಅಂಗಡಿಯ ನೀರಿಗೂ ನಿಮ್ಮ ನೀರಿಗೂ ಟಿಡಿಎಸ್‌ನಲ್ಲಿ ನೂರಾರು ಅಂಕಿಗಳ ಅಂತರವಿದ್ದರೆ, ಟಬ್ಬಿನ ನೀರನ್ನು ಆರ್‌ಓ ಬೆರೆಸಿ ಅಂಗಡಿಯ ಮಟ್ಟಕ್ಕೆ ಹತ್ತಿರವಿಟ್ಟು, ಮುಂದಿನ ಎರಡು ವಾರಗಳ ನೀರು ಬದಲಾವಣೆಯಲ್ಲಿ ನಿಮ್ಮ ತೊಟ್ಟಿಯ ಮಟ್ಟಕ್ಕೆ ಮೆಲ್ಲನೆ ಏರಿಸಿ. ಟಬ್ಬಿನ ದೊಡ್ಡ ಉಪಯೋಗ ಇದೇ, ಇದನ್ನು ಹೇಳುವವರು ಕಡಿಮೆ.

ಟಬ್ಬಿಗೆ ಕಲ್ಲು ಹಾಕಬೇಡಿ. ಒಂದು ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಒಂದು ತುಂಡು ಪಿವಿಸಿ ಪೈಪು ಸಾಕು. ಈ ಸ್ಪಾಂಜನ್ನು ಹಿಂದಿನ ಒಂದು ತಿಂಗಳು ದೊಡ್ಡ ತೊಟ್ಟಿಯಲ್ಲೇ ಓಡಿಸಿಟ್ಟಿದ್ದರೆ ಅದಕ್ಕೂ ಬ್ಯಾಕ್ಟೀರಿಯಾ ಹತ್ತಿರುತ್ತದೆ. ಟಬ್ಬಿನ ಬಲೆ, ಪೈಪು, ಬಕೆಟ್ ಬೇರೆಯೇ ಇರಲಿ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ. ಮೂರು ವಾರ ಯಾವ ಗುರುತೂ ಕಾಣದಿದ್ದರೆ ಮಾತ್ರ ತೊಟ್ಟಿಗೆ ಬಿಡಿ. ನಡುವೆ ಒಂದಕ್ಕೆ ರೋಗ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ಎಲ್ಲ ಮೀನುಗಳನ್ನೂ ಒಂದೇ ಬಾರಿಗೆ ತರದೆ ಎರಡು ಮೂರು ಕಂತಿನಲ್ಲಿ ತನ್ನಿ, ಬ್ಯಾಕ್ಟೀರಿಯಾಗಳು ಹೊಸ ಹೊರೆಗೆ ತಕ್ಕಂತೆ ಬೆಳೆಯಲು ಸಮಯ ಸಿಗುತ್ತದೆ.

ಹಂತ 7: ವಾರದ ಕೆಲಸ ಮತ್ತು ಋತುವಿನ ಎಚ್ಚರ

ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ತಳದ ಕೊಳೆಯ ಸಮೇತ ಪೈಪಿನಲ್ಲಿ ಎಳೆದು, ಒಂದು ದಿನ ಗಾಳಿ ಕೊಟ್ಟಿಟ್ಟ ನೀರನ್ನು ತುಂಬಿ. ತೆಗೆದ ನೀರಿನಲ್ಲೇ ಸ್ಪಾಂಜನ್ನು ಎರಡು ಸಲ ಮೆತ್ತಗೆ ಹಿಂಡಿ. ಆಹಾರ ದಿನಕ್ಕೊಮ್ಮೆ ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಮನೆಯಲ್ಲಿ ಮಕ್ಕಳು, ಅಜ್ಜಿ, ಬಂದ ನೆಂಟರು ಎಲ್ಲರೂ ಒಂದೊಂದು ಚಿಟಿಕೆ ಹಾಕುತ್ತಿದ್ದರೆ ಆಹಾರದ ಡಬ್ಬಿಯನ್ನು ಒಬ್ಬರ ಸುಪರ್ದಿಗೆ ಕೊಡಿ.

ಆವಿಯಾಗಿ ಇಳಿದ ನೀರಿನ ಬಗ್ಗೆ ಒಂದು ಸೂಕ್ಷ್ಮ. ನೀರು ಮಾತ್ರ ಆವಿಯಾಗುತ್ತದೆ, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ಗಾಜಿನ ಮೇಲಂಚಿನಲ್ಲಿ ಕಾಣುವ ಬಿಳಿ ಗೆರೆ ಅದೇ. ಇಳಿದದ್ದಕ್ಕೆ ಬೋರ್ ನೀರನ್ನೇ ತುಂಬುತ್ತಾ ಹೋದರೆ ತಿಂಗಳಿಂದ ತಿಂಗಳಿಗೆ ಗಡಸುತನ ಏರುತ್ತದೆ. ಇಳಿದಷ್ಟಕ್ಕೆ ಆರ್‌ಓ ನೀರು ತುಂಬಿ, ಬದಲಿಸುವಾಗ ಮಾತ್ರ ಎಂದಿನ ನೀರು ಬಳಸಿ.

ನಮ್ಮ ಜಿಲ್ಲೆಗಳು ಸಮುದ್ರ ಮಟ್ಟದಿಂದ 800 ಮೀಟರಿನ ಆಸುಪಾಸಿನಲ್ಲಿವೆ, ಡಿಸೆಂಬರ್ ಮತ್ತು ಜನವರಿಯ ರಾತ್ರಿ 15 ಡಿಗ್ರಿಯವರೆಗೂ ಇಳಿಯುತ್ತದೆ. ಬಿಳಿಚುಕ್ಕೆ ರೋಗ ಈ ಎರಡು ತಿಂಗಳಲ್ಲಿ ಹೆಚ್ಚು. ಲೀಟರಿಗೆ 1 ರಿಂದ 1.5 ವ್ಯಾಟ್ ಲೆಕ್ಕದಲ್ಲಿ ಹೀಟರ್ ಕೊಂಡು 25 ಡಿಗ್ರಿಗೆ ಇಡಿ. ನೀರು ತೆಗೆಯುವ ಮೊದಲು ಹೀಟರಿನ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ, ಗಾಳಿಗೆ ತೆರೆದ ಬಿಸಿ ಗಾಜು ಸಿಡಿಯುತ್ತದೆ. ಕೈ ಹಾಕುವಾಗಲೂ ಪ್ಲಗ್ ತೆಗೆದೇ ಇರಲಿ. ತಾರಸಿಯ ಸಿಂಟೆಕ್ಸ್ ಟ್ಯಾಂಕಿನ ನೀರು ಜನವರಿಯ ಬೆಳಿಗ್ಗೆ ಕೊರೆಯುತ್ತದೆ, ಏಪ್ರಿಲ್ ಮಧ್ಯಾಹ್ನ ಸುಡುತ್ತದೆ. ಥರ್ಮಾಮೀಟರ್ ಇಟ್ಟು ನೋಡದೆ ಸುರಿಯಬೇಡಿ, ಅಂತರ ಎರಡು ಡಿಗ್ರಿ ಮೀರದಿರಲಿ.

ಹಂತ 8: ಎಚ್ಚರಿಕೆಯ ಗುರುತುಗಳು

ಬೆಳಿಗ್ಗೆ ತೊಟ್ಟಿಯ ದೀಪ ಹಾಕುವ ಮೊದಲು, ಆಹಾರ ಹಾಕುವ ಮೊದಲು ಎರಡು ನಿಮಿಷ ನೋಡಿ. ಹಸಿದ ಮೀನು ಗಾಜಿನ ಹತ್ತಿರ ಬರಬೇಕು. ಬರದ ಮೀನನ್ನು ಗುರುತಿಟ್ಟುಕೊಳ್ಳಿ.

ಎಲ್ಲ ಮೀನುಗಳೂ ಒಟ್ಟಿಗೆ ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಅದು ಬಹುಮಟ್ಟಿಗೆ ನೀರಿನ ದೋಷ. ಔಷಧಿ ಮುಟ್ಟಬೇಡಿ. ಗಾಳಿ ಹೆಚ್ಚಿಸಿ, ಮೂರನೆಯ ಒಂದು ಭಾಗ ನೀರು ಬದಲಿಸಿ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ. ನೈಟ್ರೈಟ್ ಇದ್ದರೆ ಲೀಟರಿಗೆ 1 ಗ್ರಾಂ ಉಪ್ಪನ್ನು ಕರಗಿಸಿ ಹಾಕುವುದು ಉಪಕಾರಿ. ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ರಕ್ತ ಸೇರುವುದನ್ನು ತಡೆಯುತ್ತದೆ.

ಒಂದೆರಡು ಮೀನು ಮಾತ್ರ ಕಲ್ಲಿಗೆ ಮೈ ಉಜ್ಜುತ್ತಿದ್ದು, ರೆಕ್ಕೆಯ ಮೇಲೆ ರವೆಯ ಕಾಳು ಅಂಟಿದಂತೆ ಕಂಡರೆ ಬಿಳಿಚುಕ್ಕೆ ರೋಗ. ಅರಿಶಿನ ಪುಡಿ ಉದುರಿಸಿದಂತೆ ಮೈಯೆಲ್ಲ ಸಣ್ಣ ಹೊಳಪಿದ್ದರೆ ವೆಲ್ವೆಟ್ ರೋಗ. ಟಾರ್ಚನ್ನು ಓರೆಯಾಗಿ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ರೆಕ್ಕೆಯ ಅಂಚು ಬೆಳ್ಳಗಾಗಿ ಸವೆಯುತ್ತಾ ಬಂದರೆ ರೆಕ್ಕೆ ಕೊಳೆ, ಅದರ ಹಿಂದೆ ಕೊಳಕು ನೀರೋ ಕಚ್ಚುವ ಮೀನೋ ಇದ್ದೇ ಇರುತ್ತದೆ. ಗಾಯದ ಮೇಲೆ ಹತ್ತಿ ಎಳೆಯಂತೆ ಬೆಳೆದರೆ ಶಿಲೀಂಧ್ರ. ತುಟಿಯ ಸುತ್ತ ಅಥವಾ ಬೆನ್ನಿನ ಮೇಲೆ ಕುದುರೆಯ ಜೀನಿನ ಆಕಾರದಲ್ಲಿ ಬಿಳಿ ಪಟ್ಟೆ ಕಂಡು ಬೇಗ ಬೇಗ ಹರಡುತ್ತಿದ್ದರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು. ನೋಡಲು ಶಿಲೀಂಧ್ರದಂತೆಯೇ ಇದ್ದರೂ ಶಾಖ ಹೆಚ್ಚಿಸಿದರೆ ಉಲ್ಬಣಿಸುತ್ತದೆ. ಹೊಟ್ಟೆ ಊದಿ, ಮೇಲಿನಿಂದ ನೋಡಿದಾಗ ಹುರುಪೆಗಳು ಸೀತಾಫಲದ ಸಿಪ್ಪೆಯಂತೆ ಎದ್ದು ನಿಂತಿದ್ದರೆ ಒಳ ಅಂಗಗಳು ಸೋತಿವೆ ಎಂದರ್ಥ, ಬದುಕುವುದು ಅಪರೂಪ. ಗಪ್ಪಿಯ ಗುದದ್ವಾರದಿಂದ ಕೆಂಪು ದಾರದಂತೆ ಹೊರಚಾಚಿದ್ದರೆ ಅದು ಕರುಳಿನ ಹುಳು. ದನ ಕುರಿಗಳಿಗೆ ಬಳಸುವ ಲೆವಾಮಿಸೋಲ್ ಇದಕ್ಕೆ ಕೆಲಸ ಮಾಡುತ್ತದೆ, ಪ್ರಮಾಣವನ್ನು ಪಶುವೈದ್ಯರನ್ನು ಕೇಳಿಯೇ ತಿಳಿಯಿರಿ.

ಹಂತ 9: ಬಿಳಿಚುಕ್ಕೆಗೆ ಚಿಕಿತ್ಸೆ, ಮತ್ತು ಔಷಧಿಯ ಮಿತಿ

ಈ ರೋಗದ ಪರಾವಲಂಬಿ ಮೂರು ಸ್ಥಿತಿಗಳಲ್ಲಿ ಬದುಕುತ್ತದೆ: ಮೀನಿನ ಚರ್ಮದೊಳಗೆ ಚುಕ್ಕೆಯಾಗಿ, ಉದುರಿದ ಮೇಲೆ ತಳದ ಕಲ್ಲಿನ ಮೇಲೆ ಚೀಲವಾಗಿ, ಆ ಚೀಲ ಒಡೆದು ನೂರಾರು ಈಜುವ ಮರಿಗಳಾಗಿ. ಔಷಧಿ ಕೊಲ್ಲುವುದು ಈಜುವ ಮರಿಗಳನ್ನು ಮಾತ್ರ. ಆದ್ದರಿಂದ ನಾಲ್ಕನೆಯ ದಿನ ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸಿದವರ ತೊಟ್ಟಿಯಲ್ಲಿ ಎಂಟನೆಯ ದಿನ ಇಮ್ಮಡಿ ಚುಕ್ಕೆ ಕಾಣುತ್ತವೆ.

ಒಂದು ಮೀನಿಗೆ ಚುಕ್ಕೆ ಬಂದರೂ ಇಡೀ ತೊಟ್ಟಿಗೆ ಚಿಕಿತ್ಸೆ ಬೇಕು. ಕೆಲವು ಗಂಟೆಗೊಂದು ಡಿಗ್ರಿಯಂತೆ ಶಾಖವನ್ನು 29 ಅಥವಾ 30 ಡಿಗ್ರಿಗೆ ಏರಿಸಿ. ಪರಾವಲಂಬಿಯ ಜೀವನಚಕ್ರ ಬೇಗ ಸುತ್ತಿ, ಈಜುವ ಸ್ಥಿತಿಗೆ ಬೇಗ ಬರುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಗಾಳಿ ಹೆಚ್ಚಿಸಿ. ಗಪ್ಪಿ, ಪ್ಲ್ಯಾಟಿ, ಮೋಲಿಗಳ ತೊಟ್ಟಿಯಾದರೆ ಲೀಟರಿಗೆ 2 ಗ್ರಾಂ ಅಡುಗೆ ಉಪ್ಪನ್ನು ತೂಗಿ, ನೀರಿನಲ್ಲಿ ಕರಗಿಸಿ, ಎರಡು ದಿನದಲ್ಲಿ ನಾಲ್ಕು ಕಂತಾಗಿ ಸುರಿಯಿರಿ. 60 ಲೀಟರಿಗೆ 120 ಗ್ರಾಂ. ಬೊಗಸೆಯ ಲೆಕ್ಕ ಬೇಡ. ಎರಡು ದಿನಕ್ಕೊಮ್ಮೆ ತಳದ ಕೊಳೆ ಎಳೆದು ಕಾಲು ಭಾಗ ನೀರು ಬದಲಿಸಿ, ತೆಗೆದ ನೀರಿಗೆ ತಕ್ಕ ಉಪ್ಪನ್ನು ಮಾತ್ರ ಮತ್ತೆ ಸೇರಿಸಿ. ಕೊನೆಯ ಚುಕ್ಕೆ ಮಾಯವಾದ ಮೇಲೂ ಒಂದು ವಾರ, ಒಟ್ಟಿನಲ್ಲಿ ಎರಡು ವಾರ ಮುಂದುವರಿಸಿ. ಕಾರಿಡೋರಾಸ್ ಇರುವ ತೊಟ್ಟಿಯಲ್ಲಿ ಉಪ್ಪು ಬಿಟ್ಟು, ಬಿಳಿಚುಕ್ಕೆಗೆಂದೇ ಸಿಗುವ ಔಷಧಿಯನ್ನು ಅರ್ಧ ಪ್ರಮಾಣದಲ್ಲಿ ಬಳಸಿ. ತಾಮ್ರ ಬೆರೆತ ಔಷಧಿ ಸೀಗಡಿ ಮತ್ತು ಬಸವನಹುಳುವನ್ನು ಕೊಲ್ಲುತ್ತದೆ.

ಮೆಥಿಲೀನ್ ಬ್ಲೂ ಎಂಬ ನೀಲಿ ದ್ರಾವಣವನ್ನು ದೊಡ್ಡ ತೊಟ್ಟಿಗೆ ಹಾಕಬೇಡಿ. ತಿಂಗಳುಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಅದು ಹಾಳು ಮಾಡುತ್ತದೆ, ಆಗ ರೋಗದ ಜೊತೆ ಅಮೋನಿಯಾವೂ ಸೇರುತ್ತದೆ. ಶಿಲೀಂಧ್ರ ಹತ್ತಿದ ಒಂದೆರಡು ಮೀನಿಗೆ ಟಬ್ಬಿನಲ್ಲಿ ಬಳಸಿ, ಅದರ ಸ್ಪಾಂಜನ್ನು ಆ ದಿನಗಳಲ್ಲಿ ಹೊರಗಿಡಿ. ಔಷಧಿ ಅಂಗಡಿಯಿಂದ ಮನುಷ್ಯರ ಆಂಟಿಬಯಾಟಿಕ್ ಗುಳಿಗೆ ತಂದು ಬಿಡಿಸಿ ಸುರಿಯುವ ರೂಢಿ ಹೆಚ್ಚುತ್ತಿದೆ. ರೋಗ ಯಾವುದೆಂದು ತಿಳಿಯದೆ ಹಾಕಿದ ಅದು ಫಿಲ್ಟರನ್ನೂ ಕೊಲ್ಲುತ್ತದೆ, ಔಷಧಿಗೆ ಬಗ್ಗದ ರೋಗಾಣುಗಳನ್ನೂ ಬೆಳೆಸುತ್ತದೆ. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಬೇಡಿ. ಮೀನಿನ ಕ್ಷಯದ ಬ್ಯಾಕ್ಟೀರಿಯಾ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ತಗಲಬಲ್ಲದು. ವಾರಗಟ್ಟಲೆ ಮಾಯದ ಗಂಟು ಬೆರಳಲ್ಲಿ ಕಂಡರೆ ವೈದ್ಯರಿಗೆ ತೋರಿಸುವಾಗ ಮೀನು ಸಾಕುವ ವಿಷಯವನ್ನು ಹೇಳಿ.

ಹಂತ 10: ಕರೆಂಟು ಹೋದಾಗ

ಬೇಸಿಗೆಯಲ್ಲಿ ನಾಲ್ಕೈದು ಗಂಟೆ ವಿದ್ಯುತ್ ಇಲ್ಲದಿದ್ದರೆ ಮೊದಲು ಮಾಡಬೇಕಾದ್ದು ಆಹಾರ ನಿಲ್ಲಿಸುವುದು. ಬ್ಯಾಟರಿಯ ಏರ್ ಪಂಪು ಒಂದನ್ನು ಮನೆಯಲ್ಲಿಡಿ. ಅದಿಲ್ಲದಿದ್ದರೆ ಲೋಟದಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಒಂದಡಿ ಮೇಲಿನಿಂದ ಸುರಿಯುವುದನ್ನು ಅರ್ಧ ಗಂಟೆಗೊಮ್ಮೆ ಹತ್ತಿಪ್ಪತ್ತು ಸಲ ಮಾಡಿ. ನೀರು 32 ಡಿಗ್ರಿ ದಾಟಿದರೆ ಮುಚ್ಚಳ ತೆಗೆದು, ನೆಗೆಯುವ ಮೀನಿದ್ದರೆ ಸೊಳ್ಳೆಪರದೆ ಹೊದಿಸಿ, ಐಸ್ ಕಟ್ಟಿದ ಅರ್ಧ ಲೀಟರಿನ ಬಾಟಲಿಯನ್ನು ಮುಚ್ಚಿದ ಹಾಗೆಯೇ ತೇಲಿಬಿಡಿ, ಒಂದು ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಿ. ಕರೆಂಟು ಬಂದ ಮೇಲೆ, ಹತ್ತಾರು ಗಂಟೆ ನಿಂತುಹೋಗಿದ್ದ ಫಿಲ್ಟರನ್ನು ಹಾಗೆಯೇ ಓಡಿಸದೆ, ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಜಾಲಿಸಿ ಹಾಕಿ, ಮುಂದಿನ ಮೂರು ದಿನ ಅಮೋನಿಯಾ ಅಳೆಯಿರಿ.